ತೊಳೆಯಬಾರದ ಪಾತ್ರೆ

ಕಾಗದನಗರದ ಆ ಸಾಲಿನಲ್ಲಿ ಸತ್ಯಭಾಮಾ ಅಂದರೆ ತೊಳೆಯುವುದು, ತೊಳೆಯುವುದು ಅಂದರೆ ಸತ್ಯಭಾಮಾ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಹಾಲಿನವನು ಕ್ಯಾನು ಕೆಳಗಿಟ್ಟ ಜಾಗವನ್ನು ಅವನು ಗೇಟು ದಾಟುವುದರೊಳಗೆ ಒರೆಸಿಬಿಡುವ ಹೆಂಗಸು. ಹೊಸ ಗ್ಯಾಸ್ ಸಿಲಿಂಡರ್ ಬಂದರೆ ಬಾಗಿಲಲ್ಲೇ ಅದಕ್ಕೆ ಸ್ನಾನ ಮಾಡಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. "ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನ್ನನ್ನೂ ತಿಕ್ಕಿ ತೊಳ್ದು ಬೋರಲು ಹಾಕ್ತಾಳೆ ಮಾರಾಯ" ಅಂತ ಅವಳ ಗಂಡ ಜಯಕುಮಾರ್ ಕ್ಯಾಂಟೀನಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅವನು ಕಾಗದದ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ದುಡಿಯುವವನು. ಒಳ್ಳೆಯವನೇ, ಮಾತು ಮಾತ್ರ ಸ್ವಲ್ಪ ಧಾರಾಳ.

ಇಂಥವಳಿಗೆ ಮಣ್ಣು, ಪಾಚಿ, ನೀರುಗಿಡ ತುಂಬಿದ ಗಾಜಿನ ತೊಟ್ಟಿಯ ಹುಚ್ಚು ಹಿಡಿಯಿತು ಅಂದರೆ ಯಾರಾದರೂ ನಂಬುತ್ತಾರೆಯೇ? ಆದರೆ ಹಿಡಿಯಿತು. ಹಿಡಿಸಿದ್ದು ಅತ್ತೆ ತುಂಗಮ್ಮನ ದವಡೆ ಹಲ್ಲು.

ತೊಂಬತ್ತೊಂಬತ್ತರ ಬೇಸಿಗೆ. ಆ ಹಲ್ಲು ಕೀಳಿಸಲೆಂದು ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದರು. ದುರ್ಗಿಗುಡಿಯಲ್ಲಿ ಮಹಡಿ ಮೇಲಿನ ಒಂದು ಕ್ಲಿನಿಕ್ಕು. ತುಂಗಮ್ಮನನ್ನು ಒಳಗೆ ಕರೆದುಕೊಂಡರು, ಸತ್ಯಭಾಮಾ ಹೊರಗಿನ ಬೆಂಚಿನಲ್ಲಿ ಉಳಿದಳು. ಎದುರಿಗೆ ಮೀನಿನ ತೊಟ್ಟಿ ಇತ್ತು. ಮೀನಿನ ತೊಟ್ಟಿ ಅವಳು ನೋಡದ್ದೇನಲ್ಲ. ಹೋಟೆಲುಗಳಲ್ಲಿ ಇರುತ್ತದಲ್ಲ, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳುಗುಳು ಗುಳ್ಳೆ ಬಿಡುವ ಪ್ಲಾಸ್ಟಿಕ್ ಮನುಷ್ಯ. ಇದು ಹಾಗಿರಲಿಲ್ಲ. ಇದರಲ್ಲಿ ನಿಜವಾದ ಗಿಡಗಳಿದ್ದವು. ಬೇರು ಬಿಟ್ಟು ಮರಳಿನಲ್ಲಿ ನಿಂತು, ಮೇಲಿನ ಟ್ಯೂಬ್‌ಲೈಟಿನ ಬೆಳಕಿಗೆ ಮುಖ ಎತ್ತಿದ್ದವು. ಎಲೆಗಳ ಸಂದಿಯಲ್ಲಿ ಬೆರಳಿನುಗುರಿನಷ್ಟು ಮೀನುಗಳು ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದವು. ಒಳಗಿನಿಂದ ತುಂಗಮ್ಮನ "ಅಯ್ಯಯ್ಯಪ್ಪಾ, ಸತ್ತೇ" ಅನ್ನುವ ಕೂಗು ಬಂದಾಗ ಬೆಂಚಿನಲ್ಲಿದ್ದವರೆಲ್ಲ ಹೌಹಾರಿದರು, ಸೊಸೆಗೆ ಮಾತ್ರ ಕೇಳಿಸಲೇ ಇಲ್ಲ.

ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡುವ ಧರ್ಮೇಂದ್ರ ಎಂಬಾತನೇ ಆ ತೊಟ್ಟಿಯ ಯಜಮಾನ. ಅವನನ್ನು ಸತ್ಯಭಾಮಾ ಕೇಳಿದ ಮೊದಲ ಪ್ರಶ್ನೆ ಏನು ಅಂತ ಊಹಿಸಿ ನೋಡೋಣ.

"ಇದನ್ನ ವಾರಕ್ಕೆ ಎಷ್ಟು ಸಲ ತೊಳೀತೀರಿ?"

ಅವನು ಬಿದ್ದು ಬಿದ್ದು ನಕ್ಕ. "ತೊಳೆಯೋದಾ? ಮೊದ್ಲು ಇಟ್ಟಾಗ ತೊಳೆದಿದ್ದೇ ಕಡೆ ಅಮ್ಮ. ಕೆಳಗೆ ಗದ್ದೆ ಮಣ್ಣು, ಮೇಲೆ ಹೊಳೆ ಮರಳು, ಮೇಲೊಂದು ಲೈಟು. ಗಿಡ ಬೇರು ಹಿಡಿದ ಮೇಲೆ ನೀರನ್ನ ಅವೇ ನೋಡ್ಕೊಳ್ತವೆ. ದುಡ್ಡಿಗಿಂತ ತಾಳ್ಮೆ ಜಾಸ್ತಿ ಖರ್ಚಾಗುತ್ತೆ ಅಷ್ಟೇ."

ಇವನು ಸೋಮಾರಿ, ಸುಳ್ಳು ಬೇರೆ ಹೇಳ್ತಾನೆ ಅಂದುಕೊಂಡಳು ಸತ್ಯಭಾಮಾ. ಆದರೂ ಬಸ್ಸಿನಲ್ಲಿ ಮಲವಗೊಪ್ಪ ದಾಟುವಾಗಲೂ ಅವಳ ಕಣ್ಣಲ್ಲಿ ಅದೇ ಹಸಿರು. ಪಕ್ಕದಲ್ಲಿ ತುಂಗಮ್ಮ ದವಡೆಗೆ ಹತ್ತಿ ಒತ್ತಿಕೊಂಡು, ಮಾತಾಡಲಾಗದ ಸಿಟ್ಟಿನಲ್ಲಿ ಕಿಟಕಿ ನೋಡುತ್ತಿದ್ದಳು.

ಇಷ್ಟು ಆಸೆ ಯಾಕೆ ಹುಟ್ಟಿತು ಅಂದರೆ, ಅದಕ್ಕೂ ಕಾರಣ ಇತ್ತು. ಅವಳು ಇದ್ದ ಮನೆ ಕಾರ್ಖಾನೆಯದು. ಫ್ಯಾನಿನ ಮೇಲೆ ಕೂಡ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಪಾತ್ರೆ ಪಡಗವೆಲ್ಲ ತುಂಗಮ್ಮನವು, ಒಂದೊಂದರ ಮೇಲೂ ಹೆಸರು ಕೊರೆಸಿದವು. ಟಿವಿ, ಸ್ಕೂಟರು ಗಂಡನವು. ದಿನಾ ಇವನ್ನೆಲ್ಲ ತಿಕ್ಕಿ ಬೆಳಗುವವಳು ತಾನು, ಆದರೆ ಇದು ನನ್ನದು ಅಂತ ಬೆರಳು ತೋರಿಸಲು ಒಂದು ವಸ್ತುವಿಲ್ಲ. ಅದಕ್ಕೇನು ಅವಳು ಅಳುತ್ತಾ ಕೂತಿರಲಿಲ್ಲ. ಅತ್ತೆ ಕೆಟ್ಟವಳಲ್ಲ, ಗಂಡ ಕುಡುಕನಲ್ಲ, ಮಗಳು ಕವನ ಚೆನ್ನಾಗಿ ಓದುತ್ತಿದ್ದಳು. ಆದರೂ ಒಂದು ವಸ್ತು ಬೇಕಿತ್ತು, ಸ್ವಂತದ್ದು.

ದುಡ್ಡು ಅವಳದ್ದೇ, ಸಾಲಿನ ಹೆಂಗಸರ ಸೀರೆಗೆ ಫಾಲ್ಸ್ ಹಾಕಿಕೊಟ್ಟು ಉಳಿಸಿದ್ದು. ಹೊಸ ತೊಟ್ಟಿ ಕೊಳ್ಳಲು ಅದು ಸಾಲದು. ಬಿ.ಎಚ್. ರೋಡಿನಲ್ಲಿ ದೇವರ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಹೋಗಿ, ಒಡೆದ ಟೀಪಾಯಿಗಳ ದಪ್ಪ ಗಾಜನ್ನು ಚೌಕಾಸಿ ಮಾಡಿ ಕೊಯ್ಯಿಸಿಕೊಂಡಳು. ಅಂಗಡಿಯವನು ಅಂಟು ಹಾಕಿ ಜೋಡಿಸಿಕೊಟ್ಟ. ಒಂದು ಮೂಲೆಯಲ್ಲಿ ನೀರು ಜಿನುಗಿತು, ವಾಪಸು ಹೊತ್ತುಕೊಂಡು ಹೋಗಿ ಜಗಳವಾಡಿ ಮತ್ತೆ ಅಂಟು ಹಾಕಿಸಿದಳು. ಮನೆಯ ಹಾಲ್‌ನಲ್ಲಿ ಕಡಪ ಕಲ್ಲಿನ ಹಲಗೆಯ ಮೇಲೆ ತೊಟ್ಟಿ ಕೂತಿತು. ಯಾರೋ ಮನೆ ಕಟ್ಟಿಸಿ ಉಳಿಸಿದ್ದ ಮರಳನ್ನು ಕೇಳಿ ತಂದು, ಅಕ್ಕಿಗಿಂತ ಚೆನ್ನಾಗಿ ತೊಳೆದಳು. ಮಣ್ಣು ಕೊಳಕು ಅಂತ ಮಣ್ಣು ಹಾಕಲೇ ಇಲ್ಲ.

ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದ ತುಂಗಮ್ಮ ಅಂದೇ ತೀರ್ಪು ಕೊಟ್ಟಳು. "ನೋಡು ಸತ್ಯಾ, ಆಸೆಪಟ್ಟಿದೀಯ, ಬೇಡ ಅನ್ನಲ್ಲ. ಆದ್ರೆ ನೀರು ತುಂಬೋ ಹಬ್ಬದ ದಿನ ನನ್ನ ಮನೇಲಿ ಹಳೇ ನೀರು ಒಂದು ತೊಟ್ಟೂ ಇರಬಾರ್ದು. ಎಲ್ಲಾ ಪಾತ್ರೆ ಜೊತೆ ಇದನ್ನೂ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬ್ಬೇಕು. ಆಗಲ್ಲ ಅಂದ್ರೆ ತೊಟ್ಟಿ ಹಿತ್ತಿಲಿಗೆ, ಕರಿಯಮ್ಮನ ಕೋಳಿಗಾದ್ರೂ ಆಗುತ್ತೆ."

ಕರಿಯಮ್ಮ ಪಕ್ಕದ ಮನೆಯವಳು. ನೀರು ತುಂಬುವ ಹಬ್ಬ ಅಂದರೆ ದೀಪಾವಳಿಯ ಮೊದಲ ಸಂಜೆ. ಅಂದು ಮನೆಯ ಹಳೇ ನೀರನ್ನೆಲ್ಲ ಚೆಲ್ಲಿ, ಹಂಡೆ ಕೊಡಗಳನ್ನು ಬೆಳಗಿ, ಹೊಸ ನೀರು ತುಂಬಿ ಪೂಜೆ ಮಾಡಿ, ಮಾರನೇ ಬೆಳಿಗ್ಗೆ ಅದೇ ನೀರು ಕಾಯಿಸಿ ಎಣ್ಣೆಸ್ನಾನ. ಸತ್ಯಭಾಮಾ ತಕ್ಷಣ ಒಪ್ಪಿದಳು. ಹಬ್ಬದ ದಿನ ತೊಳೆಯುವುದೇನು ಮಹಾ, ವಾರವಾರವೂ ತೊಳೆಯುತ್ತೇನೆ ಅಂದಳು.

ತೊಳೆದಳು ಕೂಡ. ಅಲ್ಲೇ ಆದದ್ದು ಎಡವಟ್ಟು. ಅಂಗಡಿಯಿಂದ ತಂದ ನಾಲ್ಕು ಗಿಡ ನೆಟ್ಟು, ಪ್ರತಿ ಭಾನುವಾರ ಕಿತ್ತು, ಸಬೀನಾ ಹಾಕಿ ಗಾಜು ಉಜ್ಜಿ, ಮರಳು ಜಾಲಿಸಿ, ನಲ್ಲಿಯ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುವ ನೀರನ್ನೇ ತುಂಬಿ ಮತ್ತೆ ನೆಡುತ್ತಿದ್ದಳು. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಗಿಡಗಳು ಬೇಯಿಸಿದ ಬಸಳೆಯಂತೆ ಕರಗಿಹೋದವು. ಮತ್ತೆ ತಂದಳು, ಮತ್ತೆ ಕರಗಿದವು. ಎಸ್‌ಟಿಡಿ ಬೂತಿಗೆ ಹೋಗಿ ಕ್ಲಿನಿಕ್ಕಿಗೆ ಫೋನು ಮಾಡಿದಳು.

"ವಾರ ವಾರ ಕೀಳ್ತೀರಾ?" ಧರ್ಮೇಂದ್ರ ಆ ಕಡೆಯಿಂದ ಕೂಗಿದ. "ಅಲ್ಲಮ್ಮಾ, ಭಾನುವಾರಕ್ಕೊಂದು ಮನೆ ಬದಲಾಯಿಸು ಅಂದ್ರೆ ನೀವು ಸಂಸಾರ ಮಾಡ್ತೀರಾ? ಮಣ್ಣು ಹಾಕಿ. ಒಂದಿನ ಬಕೆಟ್ಟಲ್ಲಿಟ್ಟು ವಾಸನೆ ಬಿಡಿಸಿದ ನೀರು ಹಾಕಿ. ವಾರಕ್ಕೆ ಸ್ವಲ್ಪ ನೀರು ತೆಗೆದು ಸ್ವಲ್ಪ ಹಾಕಿ, ಸಾಕು. ಪೂರ್ತಿ ಚೆಲ್ಲಿದ್ರೆ ನೀರು ಮತ್ತೆ ಪಳಗೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಗಿಡ ಮೀನು ಎಲ್ಲಾ ಹೋಗಿರುತ್ತೆ. ಅದರ ತಂಟೆಗೆ ಹೋಗ್ಬೇಡಿ ನಮ್ಮಮ್ಮ."

ಫೋನಿಟ್ಟ ಮೇಲೆ ಅವಳಿಗೆ ಹಬ್ಬ ನೆನಪಾಯಿತು. ಪೂರ್ತಿ ಚೆಲ್ಲಬಾರದು ಅಂದರೆ ಹಬ್ಬದ ದಿನ ಏನು ಮಾಡುವುದು? ಮಾತು ಕೊಟ್ಟಾಗಿದೆ.

ಇರಲಿ, ಹಬ್ಬ ದೂರವಿದೆ ಅಂದುಕೊಂಡಳು. ಗೌರಿ ಹಬ್ಬಕ್ಕೆ ಆಯನೂರಿನ ತವರಿಗೆ ಹೋದವಳು ಬಾಗಿನದ ಜೊತೆಗೆ ಅಣ್ಣನ ಗದ್ದೆಯ ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡಳು. ಹಳ್ಳಕ್ಕಿಳಿದು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ನೀರೊಳಗೆ ಬೆಳೆದಿದ್ದ ಹುಲ್ಲಿನಂಥ ಗಿಡ, ಕೆಂಪು ತುದಿಯ ಗಿಡ, ಕಲ್ಲಿಗಂಟಿದ ಹಸಿರು ಎಲ್ಲವನ್ನೂ ಬೇರುಸಮೇತ ಬಿಡಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡಳು. "ಎಲ್ಲಾರ ಮನೆ ಹೆಣ್ಮಕ್ಕಳು ತವರಿಂದ ಬೆಲ್ಲ ಕೊಬ್ರಿ ಹೊತ್ಕೊಂಡು ಹೋದ್ರೆ ನಮ್ಮನೇದು ಕಳೆ ಹೊತ್ಕೊಂಡು ಹೋಗುತ್ತೆ" ಅಂತ ಅವಳ ಅಮ್ಮ ವಿಶಾಲಮ್ಮ ಬಸ್ ಸ್ಟಾಂಡಿನವರೆಗೂ ಗೊಣಗಿದಳು.

ಈ ಸಲ ಎಲ್ಲ ಧರ್ಮೇಂದ್ರ ಹೇಳಿದಂತೆಯೇ ಮಾಡಿದಳು. ಆದರೆ ಅಬ್ಬಬ್ಬಾ, ಏನೂ ಮಾಡದೆ ಇರುವುದು ಎಷ್ಟು ಕಷ್ಟದ ಕೆಲಸ! ಗಾಜಿಗೆ ಕಂದು ಬಣ್ಣದ ಪದರ ಬಂತು. ಸತ್ಯಭಾಮಾಳ ಕೈ ತುರಿಸಿತು. ತೊಟ್ಟಿಯ ಮುಂದೆ ನಿಂತು, ಹಲ್ಲು ಕಚ್ಚಿ, ಹಿಂದೆ ತಿರುಗಿ ಹೋಗಿ ಬಚ್ಚಲು ತಿಕ್ಕಿ ಬರುವಳು. ಆ ತಿಂಗಳು ಬಚ್ಚಲಿಗೆ ಇದ್ದ ಭಾಗ್ಯ ಅರಮನೆಯ ಬಚ್ಚಲಿಗೂ ಇದ್ದಿರಲಾರದು. ಆಮೇಲೆ ಒಂದು ದಿನ ಕಂದು ಪದರ ತಾನೇ ತೆಳುವಾಯಿತು, ನೀರು ತಿಳಿಯಾಯಿತು, ಹುಲ್ಲುಗಿಡದ ಬುಡದಲ್ಲಿ ಹೊಸ ಚಿಗುರು ತಲೆಯೆತ್ತಿತು. ಅವಳು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದು ಗಂಡನನ್ನು ಎಬ್ಬಿಸಿದಳು. "ರೀ, ಬೇರು ಹಿಡಿದಿದೆ ನೋಡ್ರಿ!" ನೈಟ್ ಶಿಫ್ಟ್ ಮುಗಿಸಿ ಮಲಗಿದ್ದವನು ಪಾಪ, ಕಣ್ಣು ಬಿಟ್ಟು "ಹೌದು ಮಾರಾಯ್ತಿ, ಹೌದು" ಅಂದು ಮತ್ತೆ ಮಲಗಿದ.

ಮೀನೂ ಬಂದವು, ಪುಕ್ಕಟೆಯಾಗಿ. ಸೊಳ್ಳೆಮರಿ ತಿನ್ನಲೆಂದು ಬಾವಿಗಳಿಗೆ ಬಿಡುವ ಗಪ್ಪಿ ಮೀನನ್ನು ಆರೋಗ್ಯ ಇಲಾಖೆಯ ಚೌಡಪ್ಪ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದುಕೊಟ್ಟ. ಅವು ಬಂದ ವಾರದಲ್ಲೇ ಮರಿ ಹಾಕಿದವು. ಮನೆಯವರ ನಡವಳಿಕೆ ಬದಲಾಯಿತು. ಟಿವಿ ಮುಂದೆ ಕೂರುತ್ತಿದ್ದ ಜಯಕುಮಾರ್ ಕಾಫಿ ಲೋಟ ಹಿಡಿದು ಈ ಕಡೆ ಕೂತ. ತುಂಗಮ್ಮ ಅಕ್ಕಿ ಆರಿಸುವ ಮೊರವನ್ನು ತೊಟ್ಟಿಯ ಪಕ್ಕಕ್ಕೆ ತಂದುಕೊಂಡು, ಯಾರೂ ಕೇಳದಿದ್ದರೂ "ಇಲ್ಲಿ ಬೆಳಕು ಚೆನ್ನಾಗಿದೆ" ಅಂದಳು. ಆದರೆ ಸೊಸೆ ಮೆಲ್ಲಗೆ ಹಬ್ಬದ ಮಾತೆತ್ತಿದಾಗ ಅತ್ತೆ ಬಗ್ಗಲಿಲ್ಲ.

"ಒಂದು ಬಕೆಟ್ ತೆಗೆದು ಒಂದು ಬಕೆಟ್ ಹೊಸಾದು ಹಾಕ್ತೀನಿ ಅತ್ತೆ. ಪೂರ್ತಿ ಚೆಲ್ಲಿದ್ರೆ ಎಲ್ಲಾ ಸತ್ತೋಗುತ್ತೆ."

"ಅರ್ಧ ಮೀಯೋದು ಅಂತ ಎಲ್ಲಾದ್ರೂ ಉಂಟೇನೇ? ಶಾಸ್ತ್ರ ಅಂದ್ರೆ ಶಾಸ್ತ್ರ. ನಾನು ಈ ಮನೆಗೆ ಬಂದ ವರ್ಷದಿಂದ ಒಂದು ಸಲಾನೂ ತಪ್ಪಿಸಿಲ್ಲ. ನಿಮ್ಮ ಮಾವ ತೀರಿಹೋದ ವರ್ಷಾನೂ ಹಂಡೆ ತುಂಬಿದೀನಿ. ಬರಿದು ಹಂಡೆ ಇಟ್ಕೊಂಡು ಹಬ್ಬ ಮಾಡಿದ ಮನೆ ಏಳಿಗೆ ಆಗಲ್ಲ. ಮಾತು ಕೊಟ್ಟೋಳು ನೀನು."

ಇದರಲ್ಲಿ ಸತ್ಯಭಾಮಾಳಿಗೆ ಇನ್ನೂ ದೊಡ್ಡ ಸಂಕಟ ಯಾವುದೆಂದರೆ, ಅವಳಿಗೂ ಅದೇ ನಂಬಿಕೆ. ಹಬ್ಬದ ದಿನ ಹಳೇ ನೀರು ಮನೆಯಲ್ಲಿದ್ದರೆ ಅವಳ ಮನಸ್ಸಿಗೂ ಒಗ್ಗದು. ಅತ್ತೆಯ ಜೊತೆ ಜಗಳವಾಡಬಹುದು, ತನ್ನ ಜೊತೆಗೇ ಹೇಗೆ ಆಡುವುದು?

ಹಬ್ಬದ ದಿನ ಬಂದೇ ಬಂತು. ಬೆಳಿಗ್ಗೆ ಎದ್ದವರೇ ಸಾಲಿನ ಎಲ್ಲ ಮನೆಯ ಹೆಂಗಸರೂ ಹಂಡೆ, ಕೊಡ, ಡ್ರಮ್ಮು, ಚೊಂಬು ಎಲ್ಲವನ್ನೂ ಬಗ್ಗಿಸಿ ಚೆಲ್ಲಿದರು. ಚರಂಡಿಯಲ್ಲಿ ಪ್ರವಾಹ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಗಳು ಅಂಗಳದಲ್ಲಿ ಬೋರಲು ಬಿದ್ದು ಥಳಥಳಿಸಿದವು. "ತೊಟ್ಟೀನ ಮಧ್ಯಾಹ್ನ ನಲ್ಲಿ ಬಂದ ಮೇಲೆ ಚೆಲ್ತೀನಿ ಅತ್ತೆ, ಮೀನಿಗೆ ಬಕೆಟ್ಟಲ್ಲಿ ಜಾಗ ಮಾಡ್ಬೇಕು" ಅಂತ ಸತ್ಯಭಾಮಾ ಅಷ್ಟು ಹೊತ್ತು ಗಿಟ್ಟಿಸಿಕೊಂಡಳು. ಆಮೇಲೆ ಒಂದು ಮೂಲೆಯಲ್ಲಿ ಹೋಗಿ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಉಸ್ ಅಂತ ಗಾಳಿ. ಹಿಂದಿನ ದಿನದ ಗಾಳಿಗೆ ಎಲ್ಲೋ ಕರೆಂಟಿನ ತಂತಿಯ ಮೇಲೆ ಕೊಂಬೆ ಬಿದ್ದಿತ್ತಂತೆ. ಕರೆಂಟಿಲ್ಲ, ಪಂಪಿಲ್ಲ, ನೀರಿಲ್ಲ. ಬೇರೆ ದಿನವಾಗಿದ್ದರೆ ಏನೂ ಆಗುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಡ್ರಮ್ಮು ತುಂಬ ನೀರಿರುತ್ತಿತ್ತು. ವರ್ಷಕ್ಕೆ ಒಂದೇ ಒಂದು ದಿನ ಇಡೀ ಸಾಲು ಕೈಯಾರೆ ನೀರೆಲ್ಲ ಚೆಲ್ಲಿ ಕೂರುತ್ತದಲ್ಲ, ಸರಿಯಾಗಿ ಅದೇ ದಿನ! ನೀರು ತುಂಬುವ ಹಬ್ಬದ ದಿನ ಕುಡಿಯಲು ಕೂಡ ನೀರಿಲ್ಲ. ಗಂಡಸರು ಸೈಕಲ್ಲಿಗೆ ಕೊಡ ಕಟ್ಟಿ ಹೊಳೆ ಕಡೆ ಹೊರಟರು, ಕತ್ತಲಾಗುವ ಮುಂಚೆ ತಿರುಗಿ ಬರುವಂತಿರಲಿಲ್ಲ. ಜಯಕುಮಾರ್ ಸೆಕೆಂಡ್ ಶಿಫ್ಟಿಗೆ ಹೋಗಿಯಾಗಿತ್ತು. ದೂರದ ಕೈಪಂಪಿನ ಮುಂದೆ ಹನುಮಂತನ ಬಾಲದಂಥ ಸಾಲು. ಸತ್ಯಭಾಮಾ ಮಗಳನ್ನು ಕೊಡದ ಸಮೇತ ಅಲ್ಲಿ ನಿಲ್ಲಿಸಿ ಬಂದಳು. ದೀಪ ಹಚ್ಚುವ ಹೊತ್ತಿನೊಳಗೆ ಅವಳ ಸರದಿ ಬರುವ ಲಕ್ಷಣವಿರಲಿಲ್ಲ.

ನ್ಯಾಯವಾಗಿ ನೋಡಿದರೆ ಸತ್ಯಭಾಮಾ ಗೆದ್ದಿದ್ದಳು. ಹೊಸ ನೀರೇ ಇಲ್ಲ ಅಂದಮೇಲೆ ತೊಟ್ಟಿ ಚೆಲ್ಲು ಅನ್ನುವವರು ಯಾರು? ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಈ ವರ್ಷ ಕಳೆದುಹೋಗುತ್ತಿತ್ತು. ಖುಷಿಯೂ ಆಯಿತು, ಯಾಕೆ ಮುಚ್ಚಿಡಬೇಕು. ಆದರೆ ಬಚ್ಚಲಿಗೆ ಹೋಗಿ ನೋಡುತ್ತಾಳೆ, ತುಂಗಮ್ಮ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದ ಹಂಡೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾಳೆ. ಕೈಯಲ್ಲಿ ಹಂಡೆಯ ಕೊರಳಿಗೆ ಕಟ್ಟುವ ಹಿಂಡಲಕಾಯಿ ಬಳ್ಳಿ. ಹಂಡೆ ಬರಿದು. ಯಾವತ್ತೂ ಸೋಲದ ಆ ಹೆಂಗಸಿನ ಗದ್ದ ಅದುರುತ್ತಿತ್ತು.

"ಈ ವರ್ಷ ತಪ್ಪೋಯ್ತಲ್ಲೇ ಸತ್ಯಾ" ಅಂದಳು ತುಂಗಮ್ಮ. "ನನ್ನ ಕೈಯಾರೆ ಚೆಲ್ಲಿದ್ನಲ್ಲೇ."

ಸತ್ಯಭಾಮಾ ಯೋಚಿಸಲು ನಿಲ್ಲಲಿಲ್ಲ, ನಿಂತಿದ್ದರೆ ಬಾಯಿ ಬರುತ್ತಿರಲಿಲ್ಲವೇನೋ. "ಮನೇಲಿ ನೀರಿದೆ ಅತ್ತೆ" ಅಂದಳು. "ತೊಟ್ಟಿ ನೀರು ಹಂಡೆಗೆ ಹಾಕೋಣ."

ತುಂಗಮ್ಮ ತಲೆಯೆತ್ತಿದಳು. "ಮೀನಿನ ನೀರಾ?"

"ಹೊಳೇಲಿ ಮೀನಿಲ್ವಾ? ತುಂಗಾ ಪಾನ ಗಂಗಾ ಸ್ನಾನ ಅಂತೀರಲ್ಲ ನೀವು, ಅಲ್ಲಿ ಮೀನಿಲ್ದೆ ಇನ್ನೇನಿದೆ? ಬಂದು ನೋಡಿ, ನಲ್ಲಿ ನೀರಿಗಿಂತ ತಿಳಿಯಾಗಿದೆ."

"ಹಂಡೆ ತುಂಬ್ಬೇಕಾದ್ರೆ ನಿನ್ನ ತೊಟ್ಟಿ ಪೂರ್ತಿ ಬೇಕಲ್ಲೇ."

"ಬೇಕಾದ್ರೆ ಬೇಕು" ಅಂದಳು ಸತ್ಯಭಾಮಾ. ಚೊಂಬು ಎತ್ತಿಕೊಂಡು ಹಾಲಿಗೆ ಬಂದು, ಗಿಡ ಅಲುಗದಂತೆ ಮೆಲ್ಲಗೆ ಅದ್ದಿ, ತುಂಬಿದ ಚೊಂಬನ್ನು ತಂದು ಹಂಡೆಗೆ ಸುರಿದಳು. ಖಾಲಿ ಹಂಡೆಯ ತಳದಲ್ಲಿ ನೀರು ಬಿದ್ದ ಸದ್ದು ಬಚ್ಚಲೆಲ್ಲ ತುಂಬಿತು. ಎರಡನೇ ಚೊಂಬಿಗೆ ತಿರುಗಿದಾಗ ತುಂಗಮ್ಮ ಅವಳ ಹಿಂದೆಯೇ ಹಾಲಿಗೆ ಬಂದಳು. ತೊಟ್ಟಿಯ ಮುಂದೆ ನಿಂತಳು. ಕರೆಂಟಿಲ್ಲದ ಸಂಜೆಯಲ್ಲಿ ಕಿಟಕಿಯ ಬೆಳಕು ಮಾತ್ರ ನೀರಿನ ಮೇಲೆ ಬಿದ್ದಿತ್ತು. ಕೆಂಪು ತುದಿಯ ಗಿಡದ ಸಂದಿಯಿಂದ ಗಪ್ಪಿ ಮರಿಗಳ ಹಿಂಡೊಂದು ಊಟ ಬಂತೇನೋ ಅಂತ ಗಾಜಿನ ಹತ್ತಿರ ಬಂದು ಮುದುಕಿಯನ್ನು ನೋಡಿತು.

ತುಂಗಮ್ಮ ಸೊಸೆಯ ಕೈ ಹಿಡಿದಳು. "ಸಾಕು."

"ಹಂಡೆ ತುಂಬಿಲ್ಲ ಅತ್ತೆ."

"ತುಂಬಿದ ಹಂಡೆ ಇಲ್ಲೇ ಇದೆಯಲ್ಲ. ನೀರಿದೆ, ನೀರಲ್ಲಿ ಜೀವ ಇದೆ, ಜೀವ ಇರೋ ನೀರು ಹಳೇದು ಹೇಗಾಗುತ್ತೆ? ಗಂಗಮ್ಮ ಮನೆಗೆ ಬಂದು ಕೂತಿರೋವಾಗ ಅವಳನ್ನೆಬ್ಬಿಸಿ ಹೊರಗೆ ಚೆಲ್ಲು ಅಂದ್ನಲ್ಲ, ನಂಗೆ ಬುದ್ಧಿ ಇಲ್ಲ." ಅಂದವಳೇ ಬಳ್ಳಿಯನ್ನು ತೊಟ್ಟಿಯ ಸುತ್ತ ಕಟ್ಟಿದಳು. ಗಾಜಿಗೆ ಅರಿಸಿನ ಕುಂಕುಮ ಇಟ್ಟಳು. ಹೂ ನೀರಿಗೆ ಹಾಕಲು ಹೋದಾಗ ಮಾತ್ರ ಸತ್ಯಭಾಮಾ "ಅಯ್ಯೋ ಒಳಗೆ ಬೇಡ ಅತ್ತೆ" ಅಂತ ಕೂಗಿದಳು, ಹೂವು ಕಡಪ ಕಲ್ಲಿನ ಮೇಲೆ ಕೂತಿತು. ಗಂಟೆ ಬಾರಿಸಿ ಆರತಿ ಎತ್ತಿದರು.

ಗಂಟೆಯ ಸದ್ದು ಕೇಳಿ ಪಕ್ಕದ ಮನೆಯ ಕರಿಯಮ್ಮ ಬಾಗಿಲಿಗೆ ಬಂದಳು. ಇವರ ಮನೆಗೆ ನೀರು ಎಲ್ಲಿಂದ ಬಂತು ಅಂತ ಅವಳಿಗೆ ಕುತೂಹಲ. ನೋಡಿದಳು, ಬಾಯಿ ಮೇಲೆ ಕೈಯಿಟ್ಟಳು, ಮನೆಗೆ ಓಡಿ ಹೋಗಿ ಚೊಂಬು ಹಿಡಿದು ಬಂದಳು. ಹಿಂದೆ ಇನ್ನೂ ನಾಲ್ಕಾರು ಹೆಂಗಸರು, ಅವರ ಕೈಯಲ್ಲೂ ಚೊಂಬು.

"ತುಂಗಮ್ಮೋರೇ, ಶಾಸ್ತ್ರಕ್ಕೆ ನಮ್ಮ ಹಂಡೆಗೂ ಒಂದು ಚೊಂಬು ಕೊಡ್ರಿ. ನಿಮ್ಮ ಪುಣ್ಯ."

ಮನೆಯ ಯಾವ ವಸ್ತುವನ್ನಾದರೂ ಅಕ್ಕಪಕ್ಕದವರು ಕೇಳುತ್ತಿದ್ದದ್ದು ತುಂಗಮ್ಮನನ್ನೇ. ಒರಳಿನಿಂದ ಹಿಡಿದು ಏಣಿಯವರೆಗೆ ಕೊಡುತ್ತಿದ್ದವಳೂ ಅವಳೇ. ಈಗ ಅವಳು ಗಂಟೆಯನ್ನು ಕೆಳಗಿಟ್ಟು ಕರಿಯಮ್ಮನನ್ನು ಗದರಿದಳು.

"ನನ್ನನ್ನೇನು ಕೇಳ್ತೀಯೇ? ಅದು ನಂದಲ್ಲ. ಸತ್ಯಭಾಮಂದು. ಅವಳು ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ. ಅವಳನ್ನ ಕೇಳು."

ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಒಟ್ಟಿಗೆ ಸತ್ಯಭಾಮಾಳ ಕಡೆ ತಿರುಗಿದರು. ಅವಳಿಗೆ ಕಣ್ಣು ತುಂಬಿ ಬಂದು, ಎದುರಿಗಿದ್ದ ಚೊಂಬುಗಳೆಲ್ಲ ಮಸುಕಾದವು. ಸಂತೋಷ ಅಂದರೆ ಸಂತೋಷ, ಹಬ್ಬಕ್ಕೂ ಮೀರಿದ್ದು.

"ಒಬ್ಬೊಬ್ರಿಗೆ ಒಂದೊಂದೇ ಚೊಂಬು ನೋಡಿ" ಅಂದಳು, ಆದಷ್ಟು ಬಿಗಿಯಾಗಿ. "ಯಾರೂ ಕೈ ಹಾಕೋ ಹಾಗಿಲ್ಲ. ನಾನೇ ತೆಗೆದು ಕೊಡ್ತೀನಿ."